ಅಪ್ಪಾಜಿ ಕೈ ಒತ್ತಿದ್ದು

ಚಾಮರಾಜಪುರಂ
9 ಜನವರಿ 2024

ಸುಷ್ಮಾ,

ಕಾಗದವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಇವತ್ತು ಆ ಸಾಲು ಬಿಟ್ಟೇ ಬರೆಯುತ್ತಿದ್ದೇನೆ. ಶ್ರೀರಾಂಪುರದ ನಿನ್ನ ಮನೆಗೂ ಇಲ್ಲಿಗೂ ಸಿಟಿ ಬಸ್ಸಿನಲ್ಲಿ ಎಷ್ಟು ಹೊತ್ತು? ಆದರೂ ಅಂಚೆಗೆ ಹಾಕುತ್ತಿದ್ದೇನೆ. ಫೋನಿನಲ್ಲಾದರೆ ನಾನು ರೇಗುತ್ತೇನೆ, ನೀನು ಕಟ್ ಮಾಡುತ್ತೀಯ. ಕಾಗದವನ್ನು ಬೇಕಾದರೆ ಹರಿಯಬಹುದು, ಹರಿಯುವ ಮೊದಲು ಓದಿರುತ್ತೀಯ.

ನಿನ್ನೆ ಬೆಳಿಗ್ಗೆ ಹೂವಿನ ಬೆಟ್ಟಮ್ಮ ಬಾಗಿಲಲ್ಲಿ ಹೂವು ಅಳೆಯುತ್ತಾ, "ಯಜಮಾನ್ರು ಕೊನೇಲಿ ಏಸುನ ಒಪ್ಕಂಡ್ರಂತಲ್ಲ ಅಮ್ಮಾವ್ರೇ, ನಿಮ್ ಮಗಳು ಮೈಕಲ್ಲೇ ಹೇಳುದ್ರಂತೆ" ಅಂದಳು. ಅವಳ ಸೊಸೆಯೂ ನಿಮ್ಮ ಪ್ರಾರ್ಥನಾ ಕೂಟಕ್ಕೆ ಬರುತ್ತಾಳಂತೆ. ಬೆಟ್ಟಮ್ಮ ಕೆಟ್ಟದ್ದಕ್ಕೆ ಹೇಳಲಿಲ್ಲ, ಒಳ್ಳೆಯ ಸುದ್ದಿ ಅಂತಲೇ ಹೇಳಿದಳು. ನಾನು ಹೂವು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ.

ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಚನ್ನಬಸವಯ್ಯ ಅಂದರೆ ಯಾರನ್ನು ಬೇಕಾದರೂ ಕೇಳು. ಲಿಂಗಪೂಜೆ ಆಗದೆ ನೀರು ಮುಟ್ಟಿದವರಲ್ಲ ನಿಮ್ಮಪ್ಪಾಜಿ. ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಹೋದ ಮೇಲೂ, ನಾನು ಎಡ ಅಂಗೈಗೆ ಲಿಂಗ ಇಟ್ಟರೆ ಮುಖದ ಬಿಗಿಯೆಲ್ಲ ಸಡಿಲವಾಗುತ್ತಿತ್ತು. ನವೆಂಬರಿನಲ್ಲಿ ಲಿಂಗೈಕ್ಯರಾದಾಗ ಕೂರಿಸಿ, ಅದೇ ಲಿಂಗವನ್ನು ಅದೇ ಅಂಗೈಗೆ ಕೊಟ್ಟು ಮಣ್ಣು ಮಾಡಿದೆವು. ನೀನೂ ಬಂದಿದ್ದೆ. ದೂರ ನಿಂತಿದ್ದೆ, ಮಣ್ಣು ಹಾಕಲಿಲ್ಲ. ನಿನ್ನ ನಂಬಿಕೆ ನಿನಗೆ ಎಂದು ನಾನು ಸುಮ್ಮನಿದ್ದೆ.

ಆದರೆ ಸತ್ತವರ ಬಾಯಿಗೆ, ಅದೂ ಮಾತು ಕಳೆದುಕೊಂಡು ಸತ್ತವರ ಬಾಯಿಗೆ, ಮಾತು ತುರುಕುವುದು ಎಂಥ ನಂಬಿಕೆ? ಬೆಟ್ಟಮ್ಮ ಹೇಳಿದ್ದು ನಿಜವೋ ಸುಳ್ಳೋ, ಅಷ್ಟು ಬರೆ. ಸುಳ್ಳು ಅಂತ ಬರೆದರೆ ಸಂತೋಷಪಡುತ್ತೇನೆ.

ನಿನ್ನ ಅಮ್ಮ,
ಪ್ರೇಮಲೀಲಾ


ಶ್ರೀರಾಂಪುರ
13 ಜನವರಿ 2024

ಅಮ್ಮ,

ನಿಜ. ಕೂಟದಲ್ಲಿ ಎದ್ದು ಸಾಕ್ಷಿ ಹೇಳಿದ್ದು ನಾನೇ. ನಿನ್ನಿಂದ ಮುಚ್ಚಿಡಬೇಕೆಂದು ಇರಲಿಲ್ಲ, ಹೇಳುವುದಕ್ಕೆ ಧೈರ್ಯ ಸಾಲಲಿಲ್ಲ ಅಷ್ಟೇ.

ಕೊನೆಯ ವಾರ ಒಂದು ಮಧ್ಯಾಹ್ನ ನೀನು ಔಷಧಿ ತರಲು ಹೋಗಿದ್ದೆ. ಅಪ್ಪಾಜಿ ಹತ್ತಿರ ನಾನೊಬ್ಬಳೇ ಇದ್ದೆ. ಅವರ ಎಡಗೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಯೇಸು ನಿಮಗಾಗಿಯೂ ಸತ್ತಿದ್ದಾನೆ, ಮನಸ್ಸಿನಲ್ಲಿ ಹೂಂ ಅಂದರೆ ಆಯಿತು, ಇನ್ನೇನೂ ಮಾಡಬೇಕಾಗಿಲ್ಲ ಎಂದೆ. ಆಮೇಲೆ, "ಅಪ್ಪಾಜಿ, ಒಪ್ಪಿಗೆ ಇದ್ರೆ ನನ್ ಕೈ ಒತ್ತಿ" ಅಂದೆ. ಒತ್ತಿದರು. ನಾನು ಅಳುತ್ತಾ ಪ್ರಾರ್ಥನೆ ಮಾಡಿದೆ. ಅದು ಮುಗಿಯುವವರೆಗೂ ಒತ್ತುತ್ತಲೇ ಇದ್ದರು ಅಮ್ಮ, ಒಂದು ಸಲವಲ್ಲ. ಅವರ ಕಣ್ಣಲ್ಲೂ ನೀರಿತ್ತು. ಅಂಥ ಸಂತೋಷವನ್ನು ನಾನು ಹೇಗೆ ಒಳಗೇ ಇಟ್ಟುಕೊಳ್ಳಲಿ?

ನನ್ನನ್ನು ಯಾರೋ ಮರುಳು ಮಾಡಿದ್ದಾರೆ ಅಂತ ನೀನು ತಿಳಿದಿದ್ದೀಯ. ಇವರು ಕುಡಿದು ಕುಡಿದು ಸ್ಕೂಲ್ ವ್ಯಾನ್ ಓಡಿಸುವ ಕೆಲಸ ಕಳೆದುಕೊಂಡಾಗ ನಮ್ಮ ನೆಂಟರು ಯಾರೂ ಬಾಗಿಲಿಗೆ ಬರಲಿಲ್ಲ. ಬಂದವರು ಕೂಟದ ಹೆಂಗಸರು. ಅನ್ನ ಸಾರು ಮಾಡಿ ತಂದರು, ಲಾಸ್ಯಳಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದರು, ನನ್ನ ಜೊತೆ ಕೂತು ಅತ್ತರು. ಇವರು ಕುಡಿತ ಬಿಟ್ಟಿದ್ದು ಅಲ್ಲೇ. ಆ ದಿನಗಳಲ್ಲಿ ನನ್ನ ಜೊತೆಗಿದ್ದ ದೇವರನ್ನು ನಾನು ಅಪ್ಪಾಜಿಗೆ ಪರಿಚಯ ಮಾಡಿಕೊಡದೆ ಹೇಗೆ ಕಳಿಸಲಿ?

ನೀನೇ ಹೇಳು, ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ನಂಬದೆ ಹೋದವರಿಗೆ ಇರುವುದು ಆರದ ಬೆಂಕಿ. ಅದಕ್ಕೆ ಕೊನೆಯೇ ಇಲ್ಲ. ಅಪ್ಪಾಜಿ ಅಲ್ಲಿದ್ದಾರೆ ಎಂದು ಗೊತ್ತಿಟ್ಟುಕೊಂಡು ನಾನು ಊಟ ಮಾಡಲೇ, ಬಟ್ಟೆ ಒಗೆಯಲೇ? ಈಗ ಆ ಭಯ ಇಲ್ಲ. ಅವರು ಕರ್ತನ ಹತ್ತಿರ ಇದ್ದಾರೆ, ಅವರಿಗೆ ಮಾತು ಮರಳಿ ಬಂದಿದೆ. ನಿನಗೂ ಇದು ಸಮಾಧಾನ ಕೊಡಬೇಕು.

ಕೋಪ ಮಾಡಿಕೊಳ್ಳಬೇಡ ಎಂದು ಕೇಳುವ
ಸುಷ್ಮಾ


ಚಾಮರಾಜಪುರಂ
17 ಜನವರಿ 2024

ಸುಷ್ಮಾ,

ಈ ವರ್ಷ ನಾನು ಯಾರ ಮನೆಗೂ ಎಳ್ಳು ಬೀರಲು ಹೋಗಲಿಲ್ಲ. ಹಬ್ಬದ ದಿನ ನಿನ್ನ ಕಾಗದ ಓದಿಕೊಂಡು ಕೂತಿದ್ದೆ. ಕೋಪ ಆರಲಿ ಎಂದು ಕಾದೆ, ಆರಲಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ.

ನಿನ್ನ ಯೇಸುವಿನ ಜೊತೆ ನನಗೆ ಜಗಳವಿಲ್ಲ. ನನ್ನ ನೌಕರಿಯೆಲ್ಲ ಸಿಸ್ಟರುಗಳ ಶಾಲೆಯಲ್ಲಿ ಕಳೆಯಿತು, ದಿನಾ ಬೆಳಿಗ್ಗೆ ಅವರ ಪ್ರಾರ್ಥನೆ ಕೇಳಿಕೊಂಡೇ ಪಾಠ ಶುರು ಮಾಡಿದವಳು ನಾನು. ತನ್ನ ಕೈಗೆ ಮೊಳೆ ಹೊಡೆಯುತ್ತಿದ್ದವರನ್ನು ಕ್ಷಮಿಸು ಎಂದು ಕೇಳಿಕೊಂಡವನಲ್ಲವೇ ಅವನು? ಯಾರಿಗೂ ಒಂದು ಏಟು ಹೊಡೆಯದೆ ಬೆಲ್ಲ ಮಾರಿಕೊಂಡು ಬದುಕಿದ ಮನುಷ್ಯನನ್ನು, ತನ್ನ ಹೆಸರು ಹೇಳಲಿಲ್ಲ ಎನ್ನುವುದಕ್ಕೆ ಅಂಥವನು ಬೆಂಕಿಗೆ ಹಾಕಿ ನೋಡುತ್ತಾ ಕೂರುತ್ತಾನೆಯೇ? ಅಷ್ಟು ಹಗೆ ಸಾಧಿಸುವವನು ನನ್ನ ಅಳಿಯನಾಗಿದ್ದಿದ್ದರೆ ನಿನ್ನನ್ನು ಆವತ್ತೇ ಮನೆಗೆ ಕರೆದುಕೊಂಡು ಬಂದುಬಿಡುತ್ತಿದ್ದೆ.

ನಾನು ಕನ್ನಡ ಮೇಡಂ, ಅಭ್ಯಾಸ ಬಿಡುವುದಿಲ್ಲ. ಶಿಕ್ಷೆ, ಶಿಕ್ಷಣ, ಶಿಕ್ಷಕಿ, ಮೂರೂ ಒಂದೇ ಮೂಲದಿಂದ ಬಂದ ಮಾತುಗಳು. ಮಗು ಕಲಿಯಲಿ ಎಂದು ಕೊಡುವುದು ಶಿಕ್ಷೆ. ನಾನೂ ಕೊಟ್ಟಿದ್ದೇನೆ, ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಗಂಟೆ ಹೊಡೆದ ಮೇಲೆ ಒಳಗೆ ಕರೆದಿದ್ದೇನೆ. ಗಂಟೆಯನ್ನೇ ಹೊಡೆಯದ ಶಾಲೆ ಎಲ್ಲಾದರೂ ಇದೆಯೇ? ಕಲಿತು ಒಳಗೆ ಬರುವುದಕ್ಕೆ ಬಾಗಿಲೇ ಇಲ್ಲದಿದ್ದರೆ ಅದಕ್ಕೆ ಶಿಕ್ಷೆ ಅನ್ನಬಾರದು. ನಮ್ಮ ಹೆಡ್‌ಮಿಸ್ಟ್ರೆಸ್ ಆಗಿದ್ದ ಸಿಸ್ಟರನ್ನು ಒಮ್ಮೆ ಇದನ್ನೇ ಕೇಳಿದ್ದೆ. ನರಕ ಇದೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ, ಅದರೊಳಗೆ ಯಾರೂ ಇರದಿರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ ಎಂದರು. ಆಕೆಯೂ ನಿನ್ನ ಯೇಸುವನ್ನೇ ನಂಬಿದವರು. ನಮ್ಮಲ್ಲಿ ಸತ್ತರು ಎನ್ನುವುದಿಲ್ಲ, ಲಿಂಗದಲ್ಲಿ ಒಂದಾದರು ಎನ್ನುತ್ತೇವೆ. ಹಾಗೆ ಒಂದಾದವರನ್ನು ಎಲ್ಲಿಂದ ಬೇರೆ ಮಾಡಿ ಎಳೆದು ತಂದು ಸುಡುತ್ತಾರೆ?

ಇನ್ನು ಕೈ ಒತ್ತಿದ ವಿಷಯ. ಮಾತು ಹೋದ ಮೇಲೆ ಫಿಸಿಯೋಥೆರಪಿಯ ಧರಣಿ ಮನೆಗೆ ಬರುತ್ತಿದ್ದಳಲ್ಲ, ಅವಳು ನಮ್ಮಿಬ್ಬರಿಗೆ ಸನ್ನೆ ಹೇಳಿಕೊಟ್ಟಿದ್ದಳು. ಬೇಕು ಎನ್ನುವುದಕ್ಕೆ ಕಣ್ಣುರೆಪ್ಪೆ ಮುಚ್ಚಿ ತೆರೆಯುವುದು. ಸಾಕು ಎನ್ನುವುದಕ್ಕೆ ಕೈ ಒತ್ತುವುದು. ಗಂಜಿ ಸಾಕು, ಫ್ಯಾನು ಸಾಕು, ನೋಡಲು ಬಂದವರ ಮಾತು ಸಾಕು. ನೀನು ಭಾನುವಾರ ಬಂದು ಹೋಗುತ್ತಿದ್ದವಳು, ನಿನಗೆ ಯಾರೂ ಹೇಳಲಿಲ್ಲ. ನಿನ್ನ ಪ್ರಾರ್ಥನೆ ಮುಗಿಯುವವರೆಗೂ ನಿಮ್ಮಪ್ಪಾಜಿ ನಿನಗೆ ಹೇಳುತ್ತಿದ್ದದ್ದು ಅದೊಂದೇ ಮಾತು. ಸಾಕು ಮಗಳೇ, ಸಾಕು, ಸಾಕು.

ಈಗ ಹೋಗಿ ಇದನ್ನು ಮೈಕಿನಲ್ಲಿ ಹೇಳು.

ಅಮ್ಮ


ಶ್ರೀರಾಂಪುರ
6 ಫೆಬ್ರವರಿ 2024

ಅತ್ತೆಯವರಿಗೆ,

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಒತ್ತು ದೀರ್ಘ ತಪ್ಪಿದ್ದರೆ ತಿದ್ದೋಕೆ ಹೋಗಬೇಡಿ, ವಿಷಯ ನೋಡಿ.

ನಿಮ್ಮ ಕಾಗದ ಬಂದಾಗಿನಿಂದ ಸುಷ್ಮಾ ಸರಿ ಇಲ್ಲ. ಗ್ಯಾಸ್ ಹಚ್ಚೋಕೆ ಆಗ್ತಿಲ್ಲ. ಉರಿ ಕಂಡರೆ ಹಿಂದೆ ಸರಿದು ಅಪ್ಪಾಜಿ ಅಂತಾಳೆ. ಸ್ವಲ್ಪ ದಿನ ನಾನೇ ಬೇಯಿಸಿ ಹಾಕಿದೆ. ಆಮೇಲೆ ಇಂಡಕ್ಷನ್ ಒಲೆ ತಂದಿಟ್ಟೆ, ಅದರಲ್ಲಿ ಉರಿ ಕಾಣೋದಿಲ್ಲ. ಈಗ ಅಡುಗೆ ಮಾಡ್ತಾಳೆ, ಆದರೆ ತಿನ್ನಲ್ಲ. ಡಾಕ್ಟರ್ ಹತ್ತಿರ ಕರಕೊಂಡು ಹೋದೆ, ನಿದ್ದೆಗೆ ಮಾತ್ರೆ ಕೊಟ್ಟಿದ್ದಾರೆ. ನಿದ್ದೆ ಬಂದರೆ ಕನಸು ಬೀಳುತ್ತೆ ಅಂತ ಅದನ್ನೂ ನುಂಗಲ್ಲ.

ಪಾಸ್ಟರ್ ಬಂದು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಹೋದರು. ಕಾಗದದ ವಿಷಯ ಅವರಿಗೆ ಹೇಳೋಕೆ ಇವಳು ಬಿಡಲಿಲ್ಲ. ಮೊನ್ನೆ ಲಾಸ್ಯ ಊಟಕ್ಕೆ ಕೂತಾಗ ತಾತ ಈಗ ಎಲ್ಲಿದ್ದಾರೆ ಅಂತ ಸುಮ್ಮನೆ ಕೇಳಿದಳು. ಇವಳು ತಟ್ಟೆ ಬಿಟ್ಟು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆವರೆಗೂ ತೆಗೀಲಿಲ್ಲ. ನಾನು ಬಾಗಿಲ ಹೊರಗೆ ಕೂತಿದ್ದೆ.

ದೇವರ ವಿಚಾರ ಹೇಳೋವಷ್ಟು ನನಗೆ ತಿಳಿವಳಿಕೆ ಇಲ್ಲ. ನನ್ನ ಕುಡಿತ ಬಿಡಿಸಿದ್ದು ಆ ದೇವರು, ಅದನ್ನು ಮರೆಯಲ್ಲ. ಆದರೆ ಇವಳನ್ನು ಹೀಗೆ ನೋಡೋಕೆ ನನ್ನ ಕೈಲಿ ಆಗ್ತಿಲ್ಲ. ನೀವು ಬರೆದರೆ ನಂಬ್ತಾಳೆ. ಸುಳ್ಳಾದರೂ ಬರೀರಿ ಅತ್ತೆ. ಅದರ ಪಾಪ ಇದ್ದರೆ ನನ್ನ ತಲೆಗೆ ಬರಲಿ.

ನಿಮ್ಮ ಅಳಿಯ
ಶಿವಕುಮಾರ್


ಚಾಮರಾಜಪುರಂ
9 ಫೆಬ್ರವರಿ 2024

ನನ್ನ ಸುಷ್ಮಾ,

ಹೋದ ಕಾಗದವನ್ನು ನಾನು ಕೋಪದಲ್ಲಿ ಬರೆದೆ. ಬೇಕೆಂದೇ ಸನ್ನೆಯನ್ನು ಅದಲು ಬದಲು ಮಾಡಿ ಬರೆದೆ. ರೆಪ್ಪೆ ಮುಚ್ಚಿದರೆ ಸಾಕು, ಕೈ ಒತ್ತಿದರೆ ಬೇಕು. ಧರಣಿ ಹೇಳಿಕೊಟ್ಟಿದ್ದು ಹಾಗೆ. ನಿನ್ನ ಬಾಯಿ ಮುಚ್ಚಿಸಬೇಕೆಂಬ ಹಟ ನನಗೆ. ಅವರು ನಿನ್ನ ಕೈ ಒತ್ತಿದ್ದು ಒಪ್ಪಿಗೆಗೇ.

ಯೋಚನೆ ಮಾಡಿದರೆ ನನಗೂ ಆಶ್ಚರ್ಯವಿಲ್ಲ. ನೀನು ಚಿಕ್ಕವಳಿದ್ದಾಗ ಮಂಡಿಯಿಂದ ಬರುವಾಗ ಜೇಬಿನಲ್ಲಿ ಬೆಲ್ಲದ ಚೂರು ತಂದು, ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದವರು ಅವರು. ನೀನು ಕೈ ಹಿಡಿದು ಕೇಳಿದ ಮೇಲೆ ಇಲ್ಲ ಅನ್ನುವ ಶಕ್ತಿ ಅವರಿಗೆಲ್ಲಿತ್ತು? ಒಪ್ಪಿಕೊಂಡರು. ನಿನ್ನ ದೇವರ ಹತ್ತಿರ ಸುಖವಾಗಿದ್ದಾರೆ. ಅವರಿಗೆ ಅಲ್ಲಿ ಯಾವ ಉರಿಯೂ ಇಲ್ಲ.

ಬೆಟ್ಟಮ್ಮ ಮತ್ತೆ ಕೇಳಿದರೆ ಹೌದು ಎನ್ನುತ್ತೇನೆ. ಮಠದ ಅಯ್ಯನವರು ಮನೆಗೆ ಬಂದು ಕೇಳಿದರೂ ಹೌದು, ನನ್ನ ಗಂಡ ಕೊನೆಯಲ್ಲಿ ಒಪ್ಪಿಕೊಂಡರು ಎಂದೇ ಹೇಳುತ್ತೇನೆ. ಲಾಸ್ಯ ಕೇಳಿದರೆ ತಾತ ನೆಮ್ಮದಿಯಾಗಿದ್ದಾರೆ ಅನ್ನು.

ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣು. ನಾನು ಬಂದು ತಿನ್ನಿಸಲೇ ಎಂದರೆ ನೀನು ಬೇಡ ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೆಟ್ಟ ಬಾಯಿಯ ಅಮ್ಮ


ಶ್ರೀರಾಂಪುರ
4 ಏಪ್ರಿಲ್ 2024

ಅಮ್ಮ,

ನಿನ್ನ ಕಾಗದ ನಂಬಿ ಕೆಲವು ವಾರ ನಿದ್ದೆ ಮಾಡಿದೆ, ಊಟವನ್ನೂ ಮಾಡಿದೆ. ಇವರ ಮುಖದಲ್ಲಿ ಗೆಲುವು ಬಂತು. ಆಮೇಲೆ ಒಂದು ಬೆಳಿಗ್ಗೆ ಲಾಸ್ಯಳಿಗೆ ಅವಸರದಲ್ಲಿ ತಿನ್ನಿಸುತ್ತಿದ್ದೆ. ಅವಳು ಸಾಕಮ್ಮ ಎಂದು ನನ್ನ ಕೈಯನ್ನು ಒತ್ತಿ ಹಿಡಿದಳು. ನನಗೆ ಅಪ್ಪಾಜಿಗೆ ಗಂಜಿ ಕುಡಿಸಿದ ಭಾನುವಾರ ನೆನಪಾಯಿತು. ಆವತ್ತೂ ಅವರು ಕೈ ಒತ್ತಿದ್ದರು. ಇನ್ನೂ ಬೇಕಂತೆ ಎಂದುಕೊಂಡು ಮತ್ತೊಂದು ಚಮಚ ಹಾಕಿದೆ. ಬಾಯಂಚಿನಿಂದ ಹೊರಗೆ ಬಿಟ್ಟರು. ಮತ್ತೆ ಒತ್ತಿದರು, ಮತ್ತೆ ಹಾಕಿದೆ. ನೀನು ಮೊದಲು ಬರೆದದ್ದೇ ನಿಜ. ಆಮೇಲಿನ ಕಾಗದ ನನ್ನ ಮೇಲಿನ ಮಮತೆಗೆ ಬರೆದದ್ದು. ಮಠದ ಅಯ್ಯನವರಿಗೂ ಹೇಳುತ್ತೇನೆ ಅಂದಿದ್ದೆಯಲ್ಲ, ಅದನ್ನು ಓದಿ ಈಗ ಅಳು ಬರುತ್ತದೆ.

ಶುಭ ಶುಕ್ರವಾರದ ದಿನ ಸಭೆಯಲ್ಲಿ ಎದ್ದು ನಿಂತು, ನನ್ನ ತಂದೆ ಒಪ್ಪಿಕೊಂಡಿರಲಿಲ್ಲ, ನಾನು ತಪ್ಪು ತಿಳಿದಿದ್ದೆ ಎಂದು ಹೇಳಿಬಿಟ್ಟೆ. ಯಾರೂ ನನ್ನನ್ನು ಬೈಯಲಿಲ್ಲ. ಅಕ್ಕಪಕ್ಕದವರು ನನ್ನನ್ನು ತಬ್ಬಿಕೊಂಡು ಅತ್ತರು, ಬೆಂಕಿಯಲ್ಲಿರುವ ಮನುಷ್ಯನಿಗಾಗಿ ಅಳುವ ಹಾಗೆ ಅತ್ತರು. ಅವರು ಒಳ್ಳೆಯವರು ಅಮ್ಮ. ಕೆಟ್ಟವರಾಗಿದ್ದರೆ ಬಿಟ್ಟು ಬರುವುದು ಸುಲಭವಾಗುತ್ತಿತ್ತು.

ಆಮೇಲೆ ಪಾಸ್ಟರ್ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಅವರ ಅಜ್ಜಿಯೂ ನಂಬದೆ ಸತ್ತವರಂತೆ. ಅದನ್ನು ಹೇಳುವಾಗ ಅವರ ಕಣ್ಣೂ ತುಂಬಿತು. ದೇವರು ನ್ಯಾಯವಂತ, ನಮಗೆ ತಿಳಿಯದೆ ಇರಬಹುದು ಎಂದರು. "ಅಪ್ಪಾಜಿ ಬೆಂಕೀಲಿದ್ರೆ ನಾನು ಮೇಲೆ ಹೋಗಿ ಹೆಂಗೆ ಸಂತೋಷವಾಗಿರ್ಲಿ ಪಾಸ್ಟರ್?" ಎಂದು ಕೇಳಿದೆ. "ಅಲ್ಲಿ ನಿಮಗೆ ಅವರ ನೆನಪೇ ಇರಲ್ಲ ಕಣಮ್ಮ. ಕರ್ತನು ಅದನ್ನ ಅಳಿಸಿಬಿಡ್ತಾನೆ" ಅಂದರು. ನನ್ನ ಸಮಾಧಾನಕ್ಕೆಂದೇ ಹೇಳಿದರು. ನನಗೆ ಬೆಂಕಿಗಿಂತ ಅದೇ ಹೆಚ್ಚು ಭಯವಾಯಿತು.

ಆದರೂ ಬಿಡಲು ಆಗುತ್ತಿಲ್ಲ. ನನ್ನ ಕಷ್ಟದಲ್ಲಿ ಜೊತೆಗಿದ್ದವನನ್ನು ಇಲ್ಲ ಅನ್ನಲಾರೆ. ಈಗ ನಿನ್ನ ಯೋಚನೆ ಹಿಡಿದಿದೆ. ಹೋದ ತಿಂಗಳು ಬಿ.ಪಿ. ಏರಿ ಬಾಗಿಲಲ್ಲೇ ಕುಸಿದೆಯಂತೆ, ಬೆಟ್ಟಮ್ಮನ ಸೊಸೆ ಹೇಳಿದಳು. ನೀನು ನನಗೆ ತಿಳಿಸಲಿಲ್ಲ. ಅಮ್ಮ, ನಿನ್ನ ಕೈ ಹಿಡಿದು ಒತ್ತು ಎಂದು ಕೇಳುವುದಿಲ್ಲ. ಯಾರೂ ಇಲ್ಲದಾಗ, ನಿನ್ನಷ್ಟಕ್ಕೆ, ಅವನ ಹೆಸರು ಹೇಳಿ ಒಪ್ಪಿದೆ ಎಂದು ಒಂದು ಸಲ ಅನ್ನು. ಮನಸ್ಸಿಲ್ಲದಿದ್ದರೂ ಅನ್ನು. ನನಗಾಗಿ ಒಂದು ಸುಳ್ಳು ಹೇಳಿದ್ದೀಯ, ಇನ್ನೊಂದು ಹೇಳು.

ಸುಷ್ಮಾ


ಚಾಮರಾಜಪುರಂ
13 ಏಪ್ರಿಲ್ 2024

ಸುಷ್ಮಾ,

ನಿನ್ನ ಕಾಗದ ಯುಗಾದಿಗೆ ಮುಂಚೆಯೇ ಬಂತು. ಹಬ್ಬ ಕಳೆಯಲಿ ಎಂದು ಉತ್ತರ ಮುಂದಕ್ಕೆ ಹಾಕಿದೆ.

ಹೌದು, ಸುಳ್ಳು ಹೇಳಿದ್ದೆ. ನೀನು ಅನ್ನ ಬಿಟ್ಟಿದ್ದೀಯ ಎಂದು ಕೇಳಿದ್ದೇ ತಡ, ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಿಮ್ಮಪ್ಪಾಜಿಯ ನಿಷ್ಠೆ, ನನ್ನ ಮಾನ, ನಮ್ಮ ಜನ ಏನನ್ನುತ್ತಾರೋ ಎಂಬ ಅಂಜಿಕೆ, ಒಂದೂ ಲೆಕ್ಕಕ್ಕೆ ಬರಲಿಲ್ಲ. ನಾನೊಬ್ಬ ಮುಂಗೋಪಿ ಮುದುಕಿ. ನನ್ನ ಕೈಲೇ ಇಷ್ಟಾಗುವುದಾದರೆ, ಎಲ್ಲ ಕೈಲಾಗುವವನಿಗೆ ಯಾಕೆ ಆಗುವುದಿಲ್ಲ? ಅವನು ನನ್ನ ಹಾಗೆ ಸುಳ್ಳು ಬರೆಯುವ ಕಷ್ಟವನ್ನೂ ಪಡಬೇಕಾಗಿಲ್ಲ, ಬೆಂಕಿ ಆರಿಸಿದರೆ ಮುಗಿಯಿತು. ನಿಮ್ಮ ಪಾಸ್ಟರ್ ಕಣ್ಣು ತುಂಬಿಕೊಂಡರು ಎಂದು ಬರೆದಿದ್ದೀಯ. ಹಾಗಾದರೆ ಅವರು ಹೇಳುವ ದೇವರಿಗಿಂತ ಅವರೇ ಒಳ್ಳೆಯವರು. ಈ ಮಾತನ್ನು ಅವರಿಗೆ ಮುಟ್ಟಿಸಬೇಡ, ನೊಂದುಕೊಳ್ಳುತ್ತಾರೆ.

ಇನ್ನು ನೀನು ಕೇಳಿದ್ದು. ಅದು ಆಗುವುದಿಲ್ಲ ಮಗಳೇ. ಹಟ ಎಂದುಕೊಳ್ಳಬೇಡ. ನೀನು ಹೇಳುವುದು ನಿಜವಲ್ಲದಿದ್ದರೆ ನಾನು ಅಂದು ಉಪಯೋಗವಿಲ್ಲ. ನಿಜವಾಗಿದ್ದರೆ, ನಿಮ್ಮಪ್ಪಾಜಿ ಅಲ್ಲಿ ಒಬ್ಬರೇ ಇದ್ದಾರೆ. ಮಾತಿಲ್ಲ, ಬಲಗೈ ಏಳುವುದಿಲ್ಲ. ಮಲಗಿದಷ್ಟು ಕಾಲವೂ ಬೆನ್ನು ಹುಣ್ಣಾಗದ ಹಾಗೆ ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿದವಳು ನಾನು. ಅಲ್ಲಿ ಅವರನ್ನು ತಿರುಗಿಸುವವರು ಯಾರು? ಅವರನ್ನು ಹಾಗೆ ಬಿಟ್ಟು ನಾನು ಮೇಲೆ ಕೂತು ಹಾಡು ಹೇಳಲಾರೆ. ಅವರಿರುವ ಕಡೆಗೆ ನಾನು ಹೋಗುತ್ತೇನೆ. ಅದು ಲಿಂಗವಾದರೂ ಸರಿ, ಬೆಂಕಿಯಾದರೂ ಸರಿ.

ನಿನ್ನನ್ನು ನಾನು ತಡೆಯುವುದಿಲ್ಲ. ನೀನು ನಂಬಿದವನ ಹತ್ತಿರವೇ ಹೋಗು. ನಮ್ಮ ನೆನಪನ್ನು ಅಳಿಸಿಬಿಡುತ್ತಾನೆ ಎಂದು ಹೆದರಿದ್ದೀಯಲ್ಲ, ಅಳಿಸಲಿ ಬಿಡು. ನನ್ನನ್ನು ಮರೆತಾದರೂ ನೀನು ಸುಖವಾಗಿದ್ದೀಯ ಎಂದು ಗೊತ್ತಾದರೆ, ನಾನು ಎಲ್ಲಿದ್ದರೂ ನನಗೆ ಅಷ್ಟು ತಂಪು.

ಅಮ್ಮ


ಶ್ರೀರಾಂಪುರ
21 ಏಪ್ರಿಲ್ 2024

ಅಮ್ಮ,

ಇವತ್ತು ಸಭೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾಗ ನಾನೂ ಮುಚ್ಚಿಕೊಂಡು ಅವನಿಗೆ ಹೇಳಿದೆ. ಮರೆಸುವ ಜಾಗಕ್ಕೆ ನನ್ನನ್ನು ಕರೆಯಬೇಡ, ನನ್ನ ಅಪ್ಪ ಅಮ್ಮ ಇರುವ ಕಡೆ ಬಿಟ್ಟುಬಿಡು ಎಂದೆ. ಜೋರಾಗಿ ಆಮೆನ್ ಎಂದೂ ಅಂದೆ. ಪಕ್ಕದವರು ನನಗೆ ಸಮಾಧಾನ ಸಿಕ್ಕಿತು ಎಂದುಕೊಂಡು ಬೆನ್ನು ಸವರಿದರು.

ಹೇಳುವಾಗ ಧೈರ್ಯವಿತ್ತು. ಮನೆಗೆ ಬಂದ ಮೇಲೆ ಲಾಸ್ಯ ಸಂಡೇ ಸ್ಕೂಲಿನಲ್ಲಿ ಕಲಿತ ಹೊಸ ಹಾಡನ್ನು ನನ್ನ ಸೆರಗು ಹಿಡಿದುಕೊಂಡು ಹಾಡಿದಳು. ಅವಳು ಮನಸಾರೆ ನಂಬುತ್ತಾಳೆ ಅಮ್ಮ. ನಾನೇ ಕಲಿಸಿದ್ದು. ಅವಳು ಖಂಡಿತ ಮೇಲೆ ಹೋಗುತ್ತಾಳೆ, ಅಲ್ಲಿ ನನ್ನ ನೆನಪು ಅವಳಿಗೆ ಇರುವುದಿಲ್ಲ.

ಮರೆಯಲಿ ಬಿಡು ಎಂದು ನೀನು ಹೇಗೆ ಬರೆದೆ? ಆಗಿನಿಂದ ಹಾಗೆ ಅನ್ನಲು ಪ್ರಯತ್ನ ಮಾಡುತ್ತಿದ್ದೇನೆ, ನನ್ನ ಕೈಲಿ ಆಗುತ್ತಿಲ್ಲ.

ಸುಷ್ಮಾ